ಅಗಲದ ಟಯರು: ಗುಡ್ಡದ ದಾರಿಗೆ ತಕ್ಕ ಗಾಲಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಪರಿಸರದ ವೇದಿಕೆಯಲ್ಲಿ ಕಾಡು, ನದಿ, ಗಣಿ, ಅಣೆಕಟ್ಟುಗಳ ಕುರಿತು ಮಾತನಾಡುವುದು ರೂಢಿ. ಇಂದು ನಾನು ಆಯ್ದುಕೊಂಡಿರುವ ವಿಷಯ ಅಷ್ಟು ದೊಡ್ಡದಲ್ಲ. ಅದು ಸೈಕಲಿನ ಟಯರು. ಆದರೆ ಮನೆಯಲ್ಲಿರುವ ಸೈಕಲು ದಿನನಿತ್ಯ ದಾರಿಯಲ್ಲಿ ಓಡುವುದೋ, ಹಟ್ಟಿಯ ಮೂಲೆಯಲ್ಲಿ ಒರಗಿ ತುಕ್ಕು ಹಿಡಿಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಸಣ್ಣ ವಸ್ತುವೇ. ಆ ಕಾರಣಕ್ಕಾಗಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಅಷ್ಟು ವರ್ಷಗಳಲ್ಲಿ ನಮ್ಮ ಊರುಗಳಿಗೂ ಸೈಕಲುಗಳು ಬಂದವು. ಅವುಗಳಲ್ಲಿ ಕೆಲವು ಇಂದಿಗೂ ಓಡುತ್ತಿವೆ. ಎಷ್ಟೋ ಸೈಕಲುಗಳು ಗುಜರಿಗೆ ಹೋದವು. ಬಿಟ್ಟದ್ದೇಕೆ ಎಂದು ಕೇಳಿದರೆ ಬರುವ ಉತ್ತರಗಳು ಮೂರು: ಚಡಾವು, ಮಳೆ, ಪಂಕ್ಚರ್. ಮೊದಲಿನ ಎರಡನ್ನು ನಾವು ಬದಲಿಸಲಾರೆವು. ಮೂರನೆಯದು ನಮ್ಮ ಕೈಯಲ್ಲಿದೆ.

ಪಂಕ್ಚರ್ ಎಂದರೆ ಪೇಟೆಯವರಿಗೆ ಹತ್ತು ನಿಮಿಷದ ಕಿರಿಕಿರಿ. ಗುಡ್ಡದ ಬುಡದ ಊರಿನ ಹುಡುಗಿಗೆ ಅದು ಹಾಗಲ್ಲ. ಶಾಲೆ ಬಿಟ್ಟು ಮನೆಗೆ ಹೊರಟವಳ ಗಾಲಿ ಅರ್ಧ ದಾರಿಯಲ್ಲಿ ಗಾಳಿ ಬಿಟ್ಟಿತೆಂದರೆ, ಸೈಕಲ್ ರಿಪೇರಿ ಅಂಗಡಿ ಹಲವು ಕಿಲೋಮೀಟರ್ ದೂರ. ಬಸ್ಸಿಗೆ ಸೈಕಲು ಹತ್ತದು. ಕತ್ತಲೆಗೆ ಮುನ್ನ ರಬ್ಬರು ತೋಟದ ನಡುವಿನ ದಾರಿಯಲ್ಲಿ ಅದನ್ನು ತಳ್ಳಿಕೊಂಡು ನಡೆಯಬೇಕು. ಹೀಗೆ ಎರಡು ಸಲ ಆದರೆ ಮನೆಯವರು ಸೈಕಲು ಬೇಡವೆನ್ನುತ್ತಾರೆ. ಬಸ್ಸು ಇಲ್ಲದ ಊರಿನಲ್ಲಿ ಸೈಕಲು ಬೇಡವೆಂದರೆ ಸಂಜೆಯ ವಿಶೇಷ ತರಗತಿ ಬೇಡ, ಗ್ರಂಥಾಲಯ ಬೇಡ, ಕೆಲವೊಮ್ಮೆ ಮುಂದಿನ ಓದೇ ಬೇಡ ಎಂದಾಗುತ್ತದೆ. ಟಯರಿನ ವಿಚಾರ ನನಗೆ ಮುಖ್ಯವೆನಿಸುವುದು ಇದಕ್ಕಾಗಿ.

ನಮ್ಮ ದಾರಿಗಳ ಸ್ವಭಾವ

ಟಯರನ್ನು ಆರಿಸುವ ಮೊದಲು ದಾರಿಯನ್ನು ಅರಿಯಬೇಕು. ಬಿ.ಸಿ.ರೋಡಿನಿಂದ ಬೆಳ್ತಂಗಡಿ, ಉಜಿರೆಯ ಮೂಲಕ ಚಾರ್ಮಾಡಿ ಘಾಟಿ ಏರುವ ರಾಷ್ಟ್ರೀಯ ಹೆದ್ದಾರಿ 73, ಮಂಗಳೂರಿನಿಂದ ಮೂಡುಬಿದಿರೆಯ ಮೂಲಕ ಕಾರ್ಕಳದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169 ಇವು ನಮ್ಮ ದೊಡ್ಡ ದಾರಿಗಳು. ಸಿದ್ಧಕಟ್ಟೆ, ವೇಣೂರು, ವಾಮದಪದವು, ನಾರಾವಿಗಳ ಕಡೆಗಿನ ದಾರಿಗಳು ಎರಡನೆಯವು. ಮೂರನೆಯವು, ಈ ಡಾಮರು ದಾರಿಗಳಿಂದ ಕವಲೊಡೆದು ಬೈಲು, ಮಜಲು, ಪದವುಗಳಿಗೆ ಹೋಗುವ ಮನೆದಾರಿಗಳು. ನಮ್ಮ ಮಕ್ಕಳ ದಿನನಿತ್ಯದ ಪಯಣದಲ್ಲಿ ಈ ಮೂರೂ ಸೇರಿರುತ್ತವೆ. ಒಂದು ತುಂಡು ನುಣುಪಾದ ಡಾಮರು, ಒಂದು ತುಂಡು ಎದ್ದ ಜಲ್ಲಿ, ಒಂದು ತುಂಡು ಕಾಂಕ್ರೀಟು, ಕೊನೆಯಲ್ಲಿ ಮುರಕಲ್ಲಿನ ಮಣ್ಣುದಾರಿ.

ಮುರಕಲ್ಲು ಹೊಸದಾಗಿ ಒಡೆದಾಗ ಅದರ ಅಂಚು ಹರಿತವಾಗಿರುತ್ತದೆ. ಅದರ ಮೇಲೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಳೆಗೆ ಮೇಲಿನ ನುಣ್ಣನೆ ಮಣ್ಣು ಕೊಚ್ಚಿಹೋಗಿ ಕಲ್ಲಿನ ಹಲ್ಲುಗಳು ಹೊರಬೀಳುತ್ತವೆ. ಗುಂಡಿಯ ಆಳ ಕೆಂಪು ನೀರಿನಡಿ ಕಾಣದು. ಬೇಲಿಗೆ ಇಟ್ಟ ಬಿದಿರಿನ ಮುಳ್ಳು ನೀರಿನೊಡನೆ ದಾರಿಗೆ ಬರುತ್ತದೆ. ಹೆದ್ದಾರಿಯ ಅಂಚಿನಲ್ಲಾದರೋ ಒಡೆದ ಗಾಜು ಮತ್ತು ಲಾರಿಯ ಹರಿದ ಟಯರುಗಳಿಂದ ಉದುರಿದ ಉಕ್ಕಿನ ಎಳೆಗಳು. ಇವು ಕೂದಲಿನಷ್ಟು ಸಪೂರವಿದ್ದರೂ ಟ್ಯೂಬನ್ನು ಚುಚ್ಚಬಲ್ಲವು. ಒದ್ದೆಯಾದ ರಬ್ಬರನ್ನು ಹರಿತವಾದ ವಸ್ತು ಒಣಗಿದ ರಬ್ಬರಿಗಿಂತ ಸುಲಭವಾಗಿ ಕೊಯ್ಯುತ್ತದೆ. ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಗಾಳಿ ತುಂಬಿದ ಟಯರು ಹುಟ್ಟಿದ್ದೇಕೆ?

ಗಾಳಿ ತುಂಬುವ ಗಾಲಿಗೆ ಮೊದಲು ಹಕ್ಕುಪತ್ರ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು, 1845ರಲ್ಲಿ. ಅದು ಬಳಕೆಗೆ ಬಾರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕದಿರಲೆಂದು ಅದನ್ನು ಮತ್ತೊಮ್ಮೆ ಕಂಡುಹಿಡಿದನು. ಮರುವರ್ಷವೇ ಅಲ್ಲಿನ ಪಂದ್ಯಗಳಲ್ಲಿ ಗಾಳಿಯ ಟಯರಿನ ಸೈಕಲು ಗೆದ್ದಿತು. ಹುಡುಗನೊಬ್ಬನ ಸುಖಕ್ಕಾಗಿ ಮಾಡಿದ ವಸ್ತುವೇ ವೇಗವನ್ನೂ ತಂದಿತು. ಸುಖ ಮತ್ತು ವೇಗ ಒಂದಕ್ಕೊಂದು ವಿರೋಧಿಗಳೆಂಬ ನಂಬಿಕೆ ಟಯರಿನ ಮಟ್ಟಿಗೆ ಸರಿಯಲ್ಲ.

ಆದರೂ ಸಪೂರ ಟಯರೇ ಚುರುಕು ಎಂಬ ಭಾವನೆ ಬಲವಾಗಿ ಬೇರೂರಿದೆ. ವಿದ್ಯಾರ್ಥಿಗಳು ಪಂದ್ಯದ ಸೈಕಲುಗಳ ಚಿತ್ರ ನೋಡಿ ಅಂಥದ್ದೇ ಬೇಕೆನ್ನುತ್ತಾರೆ. ಆ ಪಂದ್ಯಗಳಲ್ಲಿಯೇ ಹಿಂದೆ 23 ಮಿಲಿಮೀಟರ್ ಅಗಲದ ಟಯರು ಸಾಮಾನ್ಯವಾಗಿತ್ತು. ಈಗ 28 ಮಿಲಿಮೀಟರ್ ಹಾಗೂ ಅದಕ್ಕಿಂತ ಅಗಲದವು ಬಂದಿವೆ. ಅತ್ಯುತ್ತಮ ಡಾಮರಿನ ಮೇಲೆ ಓಡುವವರೇ ಅಗಲದ ಕಡೆಗೆ ಸರಿದಿರುವಾಗ ಮುರಕಲ್ಲಿನ ದಾರಿಯವರು ಸಪೂರ ಟಯರನ್ನು ಬಯಸುವುದರಲ್ಲಿ ಅರ್ಥವಿಲ್ಲ.

ಅಗಲ ಮತ್ತು ಗಾಳಿಯ ಲೆಕ್ಕ

ಇನ್ನು ಸ್ವಲ್ಪ ಲೆಕ್ಕ. ಸವಾರಿ ಮಾಡುವವರ ತೂಕ, ಸೈಕಲಿನ ತೂಕ, ಚೀಲ ಎಲ್ಲ ಸೇರಿ 75 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 45 ಕಿಲೋ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಟಯರಿನೊಳಗಿನ ಗಾಳಿಯ ಒತ್ತಡ 60 ಪಿಎಸ್‌ಐ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ. 45ನ್ನು 4.2ರಿಂದ ಭಾಗಿಸಿದರೆ ನೆಲಕ್ಕೆ ತಾಗುವ ಭಾಗ ಸುಮಾರು 11 ಚದರ ಸೆಂಟಿಮೀಟರ್ ಎಂದು ತಿಳಿಯುತ್ತದೆ. ಅಂದರೆ ಒಂದು ಬೆಂಕಿಪೆಟ್ಟಿಗೆಯ ಮುಖಕ್ಕಿಂತಲೂ ಕಡಿಮೆ. ಒತ್ತಡವನ್ನು 30 ಪಿಎಸ್‌ಐಗೆ ಇಳಿಸಿದರೆ ತಾಗುವ ಭಾಗ ಇಮ್ಮಡಿಯಾಗುತ್ತದೆ. ಟಯರಿನ ಹೊದಿಕೆಯ ಬಿಗಿತದಿಂದ ಈ ಲೆಕ್ಕ ತುಸು ಹೆಚ್ಚುಕಡಿಮೆಯಾದರೂ ತತ್ವ ಇದೇ.

ಹಾಗಾದರೆ ಸಪೂರ ಟಯರಿನಲ್ಲಿಯೇ ಗಾಳಿ ಕಡಿಮೆ ಮಾಡಿದರೆ ಸಾಲದೇ? ಸಾಲದು. 28 ಮಿಲಿಮೀಟರ್ ಟಯರಿನಲ್ಲಿ ನೆಲಕ್ಕೂ ರಿಮ್ಮಿಗೂ ನಡುವೆ ಇರುವ ಮೆತ್ತೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಗಾಳಿ ಕಡಿಮೆಯಿದ್ದಾಗ ಗುಂಡಿಯ ಅಂಚಿಗೆ ಗಾಲಿ ಬಡಿದರೆ ಟಯರು ಪೂರ್ತಿ ಅಪ್ಪಚ್ಚಿಯಾಗಿ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಜಜ್ಜಿಹೋಗುತ್ತದೆ. ಅಗಲದ ಟಯರು ಎತ್ತರವೂ ಆಗಿರುತ್ತದೆ. ಒಳಗೆ ಹಿಡಿಯುವ ಗಾಳಿ ಅಗಲದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 28ರಿಂದ 40 ಮಿಲಿಮೀಟರಿಗೆ ಹೋದರೆ ಗಾಳಿ ಇಮ್ಮಡಿ. ಆದ್ದರಿಂದ ಕಡಿಮೆ ಒತ್ತಡದಲ್ಲಿಯೂ ಅದು ರಿಮ್ಮನ್ನು ಕಾಯಬಲ್ಲದು. ಕಲ್ಲು ಎದುರಾದಾಗ ಇಡೀ ಸೈಕಲು ನೆಗೆಯುವ ಬದಲು ಟಯರು ಆ ಕಲ್ಲನ್ನು ತನ್ನೊಳಗೆ ಒತ್ತಿಕೊಂಡು ದಾಟುತ್ತದೆ. ಬೆನ್ನಿಗೂ ಮುಂಗೈಗೂ ಸಿಗುವ ಸುಖದ ಮೂಲ ಇದೇ. ನೆಗೆತದಲ್ಲಿ ಪೋಲಾಗುವ ಕಾಲಿನ ಶಕ್ತಿಯೂ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಅಗಲದ ಟಯರು ಹಾಕಿಸಿ ಅದಕ್ಕೆ ಸಪೂರ ಟಯರಿನಷ್ಟೇ ಗಾಳಿ ತುಂಬಿದರೆ ಪ್ರಯೋಜನವಿಲ್ಲ. ಅದು ಕಲ್ಲಿನಂತಾಗುತ್ತದೆ, ಹೊದಿಕೆಯ ಮೇಲಿನ ಎಳೆತವೂ ಮಿತಿ ಮೀರುತ್ತದೆ. ಸಾಧಾರಣ ತೂಕದವರಿಗೆ ಅಂದಾಜು ಹೀಗಿದೆ: 28 ಮಿಲಿಮೀಟರಿಗೆ 70ರಿಂದ 80, 37ಕ್ಕೆ 50ರಿಂದ 60, 40ಕ್ಕೆ 45ರಿಂದ 55, 50ಕ್ಕೆ 30ರಿಂದ 40 ಪಿಎಸ್‌ಐ. ಟಯರಿನ ಪಕ್ಕೆಯಲ್ಲಿ ಅಚ್ಚಾಗಿರುವ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು. ಪೆಟ್ರೋಲ್ ಬಂಕಿನ ಯಂತ್ರದಲ್ಲಿ ಗಾಳಿ ಹಾಕಿಸುವಾಗ ಜಾಗ್ರತೆ. ಸೈಕಲಿನ ಟ್ಯೂಬು ಕೆಲವೇ ಕ್ಷಣಗಳಲ್ಲಿ ತುಂಬಿ ಒಡೆಯಬಹುದು.

ವಾಲ್ ಟ್ಯೂಬ್ ಇರುವ ಹಳೆಯ ಬಗೆಯ ಬಾಯಿಗೆ ಮಾಪಕ ಸರಿಯಾದ ಒತ್ತಡವನ್ನು ತೋರಿಸದು. ಅಂಥವರು ಕಣ್ಣಳತೆಯನ್ನೇ ನಂಬಬಹುದು. ಸವಾರರು ಕುಳಿತಾಗ ಟಯರು ತನ್ನ ಎತ್ತರದ ಶೇಕಡಾ 15ರಷ್ಟು ತಗ್ಗಿದರೆ ಗಾಳಿ ಸರಿಯಾಗಿದೆ ಎಂಬುದು ಸೈಕಲ್ ಬಲ್ಲವರು ಬಳಸುವ ಒಂದು ಅಳತೆ. 40 ಮಿಲಿಮೀಟರ್ ಟಯರಿಗೆ ಅದು ಸುಮಾರು 6 ಮಿಲಿಮೀಟರ್. ಒಬ್ಬರು ಕುಳಿತುಕೊಳ್ಳಿ, ಇನ್ನೊಬ್ಬರು ಬಗ್ಗಿ ನೋಡಿ. ಇಷ್ಟೇ ಸಾಕು.

ಪಂಕ್ಚರಿನ ನಾಲ್ಕು ಬಗೆ

ಅಗಲದ ಟಯರು ಎಲ್ಲ ಪಂಕ್ಚರುಗಳಿಗೂ ಮದ್ದಲ್ಲ. ಯಾವುದಕ್ಕೆ ಮದ್ದು, ಯಾವುದಕ್ಕೆ ಅಲ್ಲ ಎಂಬುದನ್ನು ತೂತು ತಾನೇ ಹೇಳುತ್ತದೆ.

ಮೊದಲನೆಯದು, ಹಾವಿನ ಹಲ್ಲಿನ ಗುರುತಿನಂತೆ ಅಕ್ಕಪಕ್ಕದಲ್ಲಿ ಎರಡು ಸೀಳು. ಇದು ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿದ್ದು. ಇದಕ್ಕೆ ಅಗಲದ ಟಯರು ಮತ್ತು ತಕ್ಕಷ್ಟು ಗಾಳಿಯೇ ಪರಿಹಾರ.

ಎರಡನೆಯದು, ಹೊರಮೈಯಲ್ಲಿ ಒಂದೇ ತೂತು. ಇದು ಮುಳ್ಳು, ಮೊಳೆ, ಗಾಜು, ಉಕ್ಕಿನ ಎಳೆಯ ಕೆಲಸ. ಇಲ್ಲಿ ಅಗಲಕ್ಕಿಂತ ದಪ್ಪ ಮುಖ್ಯ. ನೆಲಕ್ಕೆ ತಾಗುವ ಭಾಗದಲ್ಲಿ ರಬ್ಬರು ದಪ್ಪವಾಗಿರುವ, ಅದರಡಿ ಗಟ್ಟಿ ಪಟ್ಟಿಯೊಂದನ್ನು ಹುದುಗಿಸಿರುವ ಟಯರುಗಳು ದೊರೆಯುತ್ತವೆ. ಕಡಿಮೆ ಒತ್ತಡದ ಅಗಲದ ಟಯರು ಮೊನೆಗೆ ತುಸು ಬಾಗುವುದರಿಂದ ಕಲ್ಲಿನ ಕೊಯ್ತ ಕಡಿಮೆಯಾಗುತ್ತದೆ, ನಿಜ. ಆದರೆ ಬಿದಿರು ಮುಳ್ಳು ನೇರ ನಿಂತಿದ್ದರೆ ಬರಿಯ ಅಗಲ ತಡೆಯದು. ತೇಪೆ ಹಾಕುವ ಮುನ್ನ ಟಯರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸವರಿ ನೋಡಬೇಕು. ಮುಳ್ಳಿನ ತುದಿ ಅಲ್ಲಿಯೇ ಉಳಿದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದಿದ್ದರೆ ಮರುದಿನ ಮತ್ತೆ ಪಂಕ್ಚರ್.

ಮೂರನೆಯದು, ಟ್ಯೂಬಿನ ಒಳಬದಿಯಲ್ಲಿ, ರಿಮ್ಮಿಗೆ ತಾಗುವಲ್ಲಿ ತೂತು. ದಾರಿಯ ತಪ್ಪಲ್ಲ ಇದು. ಗಾಲಿಯ ಕಡ್ಡಿಯ ತುದಿ ಒಳಗೆ ಚಾಚಿದೆ, ಅಥವಾ ಅದನ್ನು ಮುಚ್ಚುವ ಪಟ್ಟಿ ಸವೆದಿದೆ. ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ ಹೊಸ ಪಟ್ಟಿ ಹಾಕಬೇಕು. ಹೊಸ ಟಯರು ಕೊಂಡರೂ ಇದು ನಿಲ್ಲದು.

ನಾಲ್ಕನೆಯದು, ತೂತೇ ಇಲ್ಲದೆ ಗಾಳಿ ಇಳಿಯುವುದು. ಬಹುತೇಕ ವಾಲ್ ಟ್ಯೂಬಿನ ರಬ್ಬರು ಹಳಸಿರುತ್ತದೆ. ಕೆಲವೇ ರೂಪಾಯಿಯ ಕೆಲಸ. ಟ್ಯೂಬುಗಳಲ್ಲಿಯೂ ವ್ಯತ್ಯಾಸವಿದೆ, ಬ್ಯುಟೈಲ್ ರಬ್ಬರಿನ ಟ್ಯೂಬು ಸಹಜ ರಬ್ಬರಿನದಕ್ಕಿಂತ ಹೆಚ್ಚು ದಿನ ಗಾಳಿ ಹಿಡಿಯುತ್ತದೆ.

ಅಂಗಡಿಗೆ ಹೋಗುವ ಮೊದಲು

ಟಯರಿನ ಪಕ್ಕೆಯ ಮೇಲಿನ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಇಲ್ಲಿ ಮೋಸಹೋಗುವುದು ಸುಲಭ. ನಮ್ಮ ಹಿರಿಯರ ಕಪ್ಪು ಸೈಕಲಿನ ಟಯರು 28×1½. ಅಂತಾರಾಷ್ಟ್ರೀಯ ಅಳತೆಯಲ್ಲಿ ಅದು 40-635. ಇಲ್ಲಿ 40 ಎಂದರೆ ಅಗಲ, 635 ಎಂದರೆ ರಿಮ್ಮಿನ ಮೇಲೆ ಟಯರು ಕೂರುವ ವೃತ್ತದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 26×1 3/8 ಎಂದಿದ್ದರೆ ಅದು 37-590. ಗುಡ್ಡದ ಸೈಕಲೆಂದು ಮಾರುವ ದಪ್ಪ ಗಾಲಿಯ ಸೈಕಲಿನ 26×1.95 ಎಂಬುದು 559ರ ವರ್ಗಕ್ಕೆ ಸೇರಿದ್ದು. ಎರಡರಲ್ಲಿಯೂ 26 ಎಂದೇ ಇದ್ದರೂ ಒಂದರ ಟಯರು ಇನ್ನೊಂದರ ರಿಮ್ಮಿಗೆ ಕೂರದು. ಭಿನ್ನರಾಶಿಯಲ್ಲಿ ಬರೆದದ್ದು ಬೇರೆ, ದಶಮಾಂಶದಲ್ಲಿ ಬರೆದದ್ದು ಬೇರೆ ಎಂದು ನೆನಪಿಡಿ. ಎರಡನೆಯ ಸಂಖ್ಯೆ ಒಂದೇ ಆಗಿರಲೇಬೇಕು. ಮೊದಲನೆಯದನ್ನು ಮಾತ್ರ ಹೆಚ್ಚಿಸಬಹುದು.

ಎಷ್ಟು ಹೆಚ್ಚಿಸಬಹುದು? ಚೌಕಟ್ಟು, ಮಡ್‌ಗಾರ್ಡ್, ಬ್ರೇಕು ಇವು ಎಡೆ ಕೊಟ್ಟಷ್ಟು. ಟಯರಿನ ಎರಡೂ ಪಕ್ಕದಲ್ಲಿ, ಮೇಲೂ ಕನಿಷ್ಠ 6 ಮಿಲಿಮೀಟರ್ ಖಾಲಿ ಇರಬೇಕು. ನಮ್ಮ ಕೆಂಪು ಕೆಸರಿಗೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬಿಡುವುದು ಲೇಸು. ಇಲ್ಲವಾದರೆ ಕೆಸರು ಮೆತ್ತಿ ಗಾಲಿ ನಿಂತೇಹೋಗುತ್ತದೆ. ಕಪ್ಪು ಸೈಕಲಿನಲ್ಲಿ ಅಗಲ ಹೆಚ್ಚಿಸಲು ಅವಕಾಶ ಕಡಿಮೆ. ಆದರೆ ಅದರ 40 ಮಿಲಿಮೀಟರ್ ಟಯರು ಆಗಲೇ ಸಾಕಷ್ಟು ಅಗಲ. ನಮ್ಮ ದಾರಿಗಳಲ್ಲಿ ಮೀನಿನ ಬುಟ್ಟಿ, ಬೀಡಿಯ ಕಟ್ಟು, ಅಕ್ಕಿಯ ಚೀಲ ಹೊತ್ತ ಸೈಕಲುಗಳು ಆ ಟಯರಿನ ಮೇಲೆಯೇ ಓಡಿದವು. ಹೊಸ ಸೈಕಲು ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಎಡೆಯನ್ನು ನೋಡಬೇಕು. 40ರಿಂದ 50 ಮಿಲಿಮೀಟರ್ ಟಯರು ಹಿಡಿಸುವ ಸೈಕಲು ನಮ್ಮ ತಾಲೂಕುಗಳಿಗೆ ತಕ್ಕದ್ದು.

ಟಯರಿನ ಮೇಲಿನ ಹಲ್ಲುಗಳ ಕುರಿತು ಒಂದು ಮಾತು. ದೊಡ್ಡ ಹಲ್ಲುಗಳು ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಹಿಡಿತ ಕೊಡುತ್ತವೆ. ಡಾಮರಿನ ಮೇಲೆ ಅವು ಗೊರಗೊರ ಸದ್ದು ಮಾಡಿ ಕಾಲಿನ ಬಲವನ್ನು ತಿನ್ನುತ್ತವೆ. ಒದ್ದೆ ಡಾಮರಿನಲ್ಲಿ ಸೈಕಲಿನ ವೇಗಕ್ಕೆ ಹಲ್ಲುಗಳಿಂದ ವಿಶೇಷ ಲಾಭವಿಲ್ಲ. ಅಲ್ಲಿ ರಬ್ಬರು ನೆಲಕ್ಕೆ ತಾಗುವುದೇ ಮುಖ್ಯ. ಆದ್ದರಿಂದ ನಡುವೆ ನುಣುಪಾಗಿಯೂ ಅಂಚಿನಲ್ಲಿ ಸಣ್ಣ ಹಲ್ಲುಗಳಾಗಿಯೂ ಇರುವ ಟಯರು ನಮ್ಮ ಮಿಶ್ರ ದಾರಿಗೆ ಹೊಂದುತ್ತದೆ. ಆದರೆ ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಕಾಂಕ್ರೀಟು ಇಳಿಜಾರಿನಲ್ಲಿ ಯಾವ ಟಯರೂ ನಿಲ್ಲದು. ಅಲ್ಲಿ ಇಳಿದು ನಡೆಯುವುದೇ ಜಾಣತನ.

ಚಡಾವಿನ ಪ್ರಶ್ನೆ

ಅಗಲದ ಟಯರು ಭಾರ, ಗುಡ್ಡ ಹತ್ತಲಾಗದು ಎಂಬ ಆಕ್ಷೇಪವಿದೆ. ಎರಡು ಟಯರಿನಿಂದ ಅರ್ಧ ಕಿಲೋ ಹೆಚ್ಚಾಯಿತೆನ್ನಿ. 75 ಕಿಲೋದಲ್ಲಿ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಚೀಲದಲ್ಲಿರುವ ನೀರಿನ ಬಾಟಲಿ ಅದಕ್ಕಿಂತ ಭಾರ. ಚಡಾವು ಕಷ್ಟವಾಗುವುದು ಗಿಯರಿಲ್ಲದ ಸೈಕಲಿನಿಂದ, ಒಣಗಿದ ಚೈನಿನಿಂದ, ಗಾಳಿಯಿಲ್ಲದ ಟಯರಿನಿಂದ. ಒಂದೇ ಒತ್ತಡದಲ್ಲಿ ಅಗಲದ ಟಯರು ಸಪೂರ ಟಯರಿಗಿಂತ ಹಗುರವಾಗಿ ಉರುಳುತ್ತದೆ. ಸುಖಕ್ಕಾಗಿ ನಾವು ಒತ್ತಡ ಇಳಿಸುವುದರಿಂದ ನುಣುಪು ಡಾಮರಿನಲ್ಲಿ ಆ ಲಾಭದ ಒಂದು ಪಾಲು ಹೋಗಬಹುದು. ಒರಟು ದಾರಿಯಲ್ಲಿ ಅದು ಮತ್ತೆ ಮರಳಿ ಬರುತ್ತದೆ.

ಹಣ ಒಂದೇ ಟಯರಿಗೆ ಸಾಕಾಗುವಷ್ಟಿದ್ದರೆ ಹೊಸದನ್ನು ಮುಂದಿನ ಗಾಲಿಗೆ ಹಾಕಿಸಿ; ಮುಂದಿನದು ಇನ್ನೂ ಚೆನ್ನಾಗಿದ್ದರೆ ಅದನ್ನು ಹಿಂದಕ್ಕೆ ಕಳಿಸಿ. ಸವೆಯುವುದು ಹಿಂದಿನದೇ ಹೆಚ್ಚು. ಆದರೆ ಇಳಿಜಾರಿನಲ್ಲಿ ಮುಂದಿನ ಟಯರು ಒಡೆದರೆ ಅಥವಾ ಜಾರಿದರೆ ಬೀಳುವುದು ಖಂಡಿತ.

ಊರಿಗೊಂದು ಪೆಟ್ಟಿಗೆ

ಟಯರು ಎಷ್ಟೇ ಒಳ್ಳೆಯದಾದರೂ ಎಂದಾದರೊಂದು ದಿನ ಗಾಳಿ ಬಿಡುತ್ತದೆ. ಆಗ ಬೇಕಾದುದು ಕೈಯ ವಿದ್ಯೆ. ಸೈಕಲ್ ರಿಪೇರಿ ಅಂಗಡಿಗಳು ನಮ್ಮ ಸಣ್ಣ ಪೇಟೆಗಳಲ್ಲಿ ವಿರಳವಾಗುತ್ತಿವೆ. ಆದ್ದರಿಂದ ನನ್ನ ಸಲಹೆ ಇಷ್ಟು: ಪ್ರತಿ ಪ್ರೌಢಶಾಲೆಯಲ್ಲಿ, ಸಾಧ್ಯವಾದರೆ ಪ್ರತಿ ಹಾಲಿನ ಸೊಸೈಟಿಯಲ್ಲಿ, ಒಂದು ಪೆಟ್ಟಿಗೆ ಇರಲಿ. ಅದರಲ್ಲಿ ಒಂದು ಪಂಪು, ಟಯರು ಎಬ್ಬಿಸುವ ಎರಡು ಪಟ್ಟಿ, ತೇಪೆಯ ತುಂಡುಗಳು, ಸೊಲ್ಯೂಷನ್, ಉಜ್ಜುಕಾಗದ, ನಾಲ್ಕು ವಾಲ್ ಟ್ಯೂಬು. ಎಲ್ಲ ಸೇರಿ ಕೆಲವು ನೂರು ರೂಪಾಯಿಯ ವೆಚ್ಚ. ಎಂಟನೇ ತರಗತಿಯ ಮಕ್ಕಳಿಗೆ, ಹುಡುಗಿಯರಿಗೂ ಹುಡುಗರಿಗೂ ಸಮಾನವಾಗಿ, ಒಂದು ಶನಿವಾರ ಪಂಕ್ಚರ್ ತೇಪೆ ಹಾಕುವುದನ್ನು ಕಲಿಸೋಣ. ಗೊತ್ತಿರುವ ಹಿರಿಯರು ಈ ಸಭೆಯಲ್ಲಿಯೇ ಹಲವರಿದ್ದೀರಿ.

ಬೆಳ್ತಂಗಡಿ ತಾಲೂಕಿನ ರಬ್ಬರು ತೋಟಗಳಲ್ಲಿ ಬೆಳಗಿನ ಜಾವ ಮರ ಕೆತ್ತಿ ಹಾಲು ತೆಗೆಯುವವರು ಇಲ್ಲಿದ್ದೀರಿ. ನಾವು ಬೆಳೆದ ರಬ್ಬರು ದೂರದ ಕಾರ್ಖಾನೆಗೆ ಹೋಗಿ ಟಯರಾಗಿ ಮರಳುತ್ತದೆ. ಅದನ್ನು ಅರ್ಧ ಸವೆಯುವ ಮೊದಲೇ ಎಸೆದು ಸುಡುವುದು ಆ ದುಡಿಮೆಗೂ ನಾವು ಉಸಿರಾಡುವ ಗಾಳಿಗೂ ಮಾಡುವ ಅವಮಾನ. ತಕ್ಕ ಗಾಳಿ ತುಂಬಿ ಬಳಸಿದ ಟಯರು ಹೆಚ್ಚು ಕಾಲ ಬಾಳುತ್ತದೆ.

2019ರ ಆಗಸ್ಟ್ ತಿಂಗಳ ನೆರೆಯನ್ನು ನೀವು ಮರೆತಿರಲಾರಿರಿ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರ ನಿಂತಿತು. ಬೆಟ್ಟದ ಬುಡದ ಊರುಗಳಲ್ಲಿ ದಾರಿಗಳು ಕೊಚ್ಚಿಹೋದವು. ಬಸ್ಸು, ಕಾರು ನಿಲ್ಲುವ ಕಡೆಯಿಂದ ಮುಂದಕ್ಕೆ ಹೋಗಬಲ್ಲ ಗಾಲಿ ಸೈಕಲಿನದೊಂದೇ. ಕಾಲುಸಂಕ ಎದುರಾದರೆ ಅದನ್ನು ಹೆಗಲ ಮೇಲೆ ಹೊತ್ತು ದಾಟಬಹುದು. ಅಂಥ ವಾಹನ ಪ್ರತಿ ಮನೆಯಲ್ಲಿ ಓಡುವ ಸ್ಥಿತಿಯಲ್ಲಿರುವುದು ಊರಿನ ಭದ್ರತೆಯ ಪ್ರಶ್ನೆಯೂ ಹೌದು.

ಇಂದು ಮನೆಗೆ ಹೋದ ಮೇಲೆ ಹಟ್ಟಿಯ ಮೂಲೆಯ ಸೈಕಲನ್ನು ಹೊರಗೆ ತನ್ನಿ. ಟಯರಿನ ಪಕ್ಕೆಯ ಸಂಖ್ಯೆ ಓದಿ, ಬೆರಳಿಟ್ಟು ಎಡೆ ನೋಡಿ, ಕಡ್ಡಿಯ ತುದಿ ತಡವಿ, ಗಾಳಿ ಹಾಕಿ. ಮಳೆಗಾಲ ಹಿಡಿಯುವ ಮುನ್ನ ಆಗಬೇಕಾದ ಕೆಲಸವಿದು.